ಗೌಸಬೀ ಮನೆಯ ಗಂಗಾಳ

ಬೆಳಕಿಂಡಿಯಿಂದ ಇಳಿದ ಬಿಸಿಲಿನ ಬಿಲ್ಲೆ ಒರಳಿನ ಅಂಚಿಗೆ ಬಂದಿದೆ, ಅದರೊಳಗೆ ಒಲೆಯ ಹೊಗೆ ಸುರುಳಿ ಸುತ್ತಿಕೊಂಡು ಮೇಲೇರುತ್ತಿದೆ, ಹೊಗೆಗೆ ಇಷ್ಟು ನಿಧಾನ ಯಾರು ಕಲಿಸಿದರೋ, ಅಜ್ಜಿ ಇದ್ದಿದ್ದರೆ ಅದಕ್ಕೂ ಒಂದು ಕಥೆ ಇರುತ್ತಿತ್ತು, ಶಿವಲೀಲಾ ನೋಡುತ್ತ ಕುಳಿತಿದ್ದಾಳೆ, ಬೆರಳಿಗೆ ಅಂಟಿದ ಕಡಬಿನ ಹಿಟ್ಟು ಒಣಗಿ ಬಿರುಕು ಬಿಡುತ್ತಿದೆ — ಎಣ್ಣಿ ಹೊಗಿ ಹೊಡಿಯಾಕತ್ತೈತಿ, ನೀ ಯಾವ ದ್ವೀಪದಾಗ ಅದಿ ನಮ್ಮವ್ವಾ, ಕಡಬು ಕನಸಿನ್ಯಾಗ ಕರಿಯಾಕಿ ಏನು — ಇದು ಅವ್ವನ ದನಿ, ಬೈಗುಳವೂ ಅಲ್ಲ, ನಗೆಯೂ ಅಲ್ಲ, ನಡುವಿನದು. ದ್ವೀಪ. ಸಮುದ್ರವನ್ನು ಯಾರೂ ಕಣ್ಣಾರೆ ಕಾಣದ ಈ ಯಲಬುರ್ಗಾ ಸೀಮೆಯ ಮನೆಯಲ್ಲಿ ಆ ಮಾತು ಸಜ್ಜೆ, ಎಳ್ಳು, ಕುಂಟೆ ಎಂಬಷ್ಟು ಸಲೀಸು. ಕಡಬು ಎಣ್ಣೆಗೆ ಬಿತ್ತು, ಅದರ ಸುತ್ತ ಗುಳ್ಳೆಗಳ ಬಳೆ ಕಟ್ಟಿತು. ಇವತ್ತು ಮಾನಾಮಿ ಅಮಾಸೆ, ಹಿರಿಯರಿಗೆ ಎಡೆ ಇಡುವ ದಿನ, ಹೋದ ಫೆಬ್ರವರಿಯಲ್ಲಿ ತೀರಿಕೊಂಡ ಶೇಖರಮ್ಮಜ್ಜಿ ಮೊದಲ ಸಲ ಈ ಕಡೆಯಿಂದ ಎದ್ದು ಆ ಕಡೆಯ ಸಾಲಿನಲ್ಲಿ ಹೋಗಿ ಕೂಡುವ ದಿನ, ಎಪ್ಪತ್ತು ವರ್ಷ ಎಡೆ ಬಡಿಸಿದ ಕೈಗೇ ಎಡೆ. ಪಡಸಾಲೆಯಲ್ಲಿ ಅಪ್ಪ ಮಣೆ ಜೋಡಿಸುತ್ತಿದ್ದಾನೆ, ಮಣೆಯ ಮೇಲೆ ಅಜ್ಜನ ಧೋತರ, ದೊಡ್ಡಪ್ಪನ ಅಂಗಿ, ಮುತ್ತವ್ವನ ಹಸಿರು ಕುಪ್ಪಸದ ಕಣ, ಅಜ್ಜಿಗೆಂದು ಮೊನ್ನೆ ಕುಷ್ಟಗಿಯಲ್ಲಿ ತಂದ ಇಳಕಲ್ಲ ಸೀರೆ, ಮಡಿಕೆ ಬಿಚ್ಚದೆ, ಅಂಗಡಿಯ ವಾಸನೆ ಹೋಗದೆ, ಎಷ್ಟ ಎಡಿ ಆದುವು ಎಂದು ಅಲ್ಲಿಂದಲೇ ಕೇಳುತ್ತಾನೆ, ಅವ್ವ ಇಲ್ಲಿಂದಲೇ ಹೇಳುತ್ತಾಳೆ, ನಿಮ್ಮಪ್ಪಂದೊಂದು, ನಿಮ್ಮಣ್ಣಂದೊಂದು, ಮುತ್ತವ್ವಂದೊಂದು, ಈಗ ಅತ್ತಿದು, ನಾಕು. ನಾಕು, ಅಪ್ಪ ತನಗೇ ಹೇಳಿಕೊಳ್ಳುತ್ತಾನೆ, ನಾಕು. ಅಲ್ಲ, ಐದು. ಐದು ಎನ್ನಬೇಕಾದ ಬಾಯಿ ಈ ಮನೆಯಲ್ಲಿ ಈಗ ಒಂದೇ, ಅದು ತನ್ನದು, ಹೋದ ವರ್ಷ ಇದೇ ದಿನ ಇದೇ ಬಾಯಿ ಬೇರೆ ಹೇಳಿತ್ತು. ತಿರುವಿ ಹಾಕವಾ, ಹೊತ್ತತೈತಿ. ತಿರುವಿ ಹಾಕಿದಳು.

ಐದನೆಯವನು ಅಂದಪ್ಪ, ಅಜ್ಜಿಯ ಅಪ್ಪ, ಇವಳಿಗೆ ಮುತ್ತಜ್ಜ, ಅವನ ಫೋಟೊ ಇಲ್ಲ, ಗೋಡೆಯ ಮೇಲಿಲ್ಲ, ಎಡೆಯ ಸಾಲಿನಲ್ಲಿಲ್ಲ, ಇರುವುದೆಲ್ಲ ಕಥೆಯಲ್ಲಿ. ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಕಟ್ಟುವುದು ಇಬ್ಬರ ಕೆಲಸವಾ, ಹಿಡಿಯಾವ ಒಬ್ಬ, ಹೊಡಿಯಾವ ಒಬ್ಬ, ಅಜ್ಜಿಯ ಕಥೆ ಹೀಗೇ ಶುರುವಾಗುತ್ತಿತ್ತು, ಕಥೆ ಕೇಳುವವರು ಹ್ಞೂಂ ಅನ್ನಬೇಕು, ಅನ್ನದಿದ್ದರೆ ಕಥೆ ಅಲ್ಲೇ ನಿಂತು ಮುಂದಿನ ಹೆಜ್ಜೆ ಇಡುವುದಿಲ್ಲ, ಹ್ಞೂಂ, ಹೊಡಿಯಾವ ಮರ್ದಾನಸಾಬ ಮುತ್ಯಾ, ನಾಲಬಂದರ ಮನಿಯವ, ತುಟಿಯ ನಡುವೆ ಮೊಳೆ ಕಚ್ಚಿಕೊಂಡೇ ಮಾತಾಡುವವ, ಹ್ಞೂಂ, ಹಿಡಿಯಾವ ನಮ್ಮಪ್ಪ, ಹಗ್ಗ ಹಾಕಿ ಕೆಡವುತ್ತಿರಲಿಲ್ಲ, ಎತ್ತಿನ ಕಿವಿಯಲ್ಲಿ ಏನೋ ಅನ್ನುತ್ತಿದ್ದ, ಅದು ತಾನಾಗಿ ಕಾಲು ಎತ್ತಿ ಕೊಡುತ್ತಿತ್ತು, ಏನಂತಿದ್ದ ಅಜ್ಜಿ, ಅದನ್ನ ಎತ್ತಿಗೇ ಕೇಳಬೇಕವಾ. ನಿಜಾಮನ ಕಾಲ, ಕುಷ್ಟಗಿ ಸಂತೆಯಲ್ಲಿ ಪಲ್ಟನ್ನಿನವರು ಡಂಗುರ ಹೊಡೆಸಿದರು, ಎಲ್ಲೋ ದೊಡ್ಡ ಯುದ್ಧ ಹತ್ತಿದೆ, ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳಲು ಜನ ಬೇಕು, ಇಬ್ಬರೂ ಒಟ್ಟಿಗೇ ಹೆಸರು ಬರೆಸಿದರು, ಒಬ್ಬನನ್ನೇ ಕರೆದುಕೊಂಡು ಹೋದರೆ ಆ ಕೆಲಸ ಅರ್ಧ ಕೆಲಸ. ಅಜ್ಜಿಗೆ ಆಗ ನಾಲ್ಕು ವರ್ಷ, ಅಪ್ಪನ ಮುಖ ನೆನಪಿಲ್ಲ, ಕೊಪ್ಪಳ ಸ್ಟೇಷನ್ನಿನಲ್ಲಿ ಎತ್ತಿಕೊಂಡಿದ್ದ ತೋಳು ನೆನಪಿದೆ, ತೋಳಿನಲ್ಲಿ ಎತ್ತಿನ ಬೆವರಿನ ವಾಸನೆ, ಎಂಬತ್ತೆಂಟನೆಯ ವಯಸ್ಸಿನಲ್ಲೂ ಬೀದಿಯಲ್ಲಿ ಎತ್ತು ಹಾದುಹೋದರೆ ಅಜ್ಜಿ ಮೂಗು ಅರಳಿಸುತ್ತಿದ್ದಳು. ಹಡಗು, ಮಲಾಯಾ, ಜಪಾನಿನವರು, ಸೋಲು, ಸೆರೆ. ಎರಡು ವರ್ಷಕ್ಕೆ ಹೈದರಾಬಾದಿನಿಂದ ಒಂದು ಉರ್ದು ಕಾಗದ, ಚಾವಡಿಯಲ್ಲಿ ಪಟವಾರಿ ಓದಿ ಹೇಳಿದ, ಲಾಪತಾ, ಎಲ್ಲಿದ್ದಾನೋ ಪತ್ತೆ ಇಲ್ಲ. ಪತ್ತೆ ಇಲ್ಲ ಅಂದ್ರ ಸತ್ತಾನ ಅಂತಲ್ಲ, ಅಂದಪ್ಪನ ಹೆಂಡತಿ ಮುತ್ತವ್ವ ಅಂದಳಂತೆ, ಅಂದವಳೇ ಕಾಗದವನ್ನು ಜಂತಿಗೆ ಸಿಕ್ಕಿಸಿ ಸಗಣಿ ಸಾರಿಸಲು ಹೋದಳಂತೆ. ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ, ನಲವತ್ತು ವರ್ಷ ಮುತ್ತೈದೆಯಾಗಿ ಬಾಳಿ, ಹಸಿರು ಸೀರೆ ಉಟ್ಟುಕೊಂಡೇ ಮಣ್ಣಿಗೆ ಹೋದಳು, ಇದ್ದೊಬ್ಬ ಮಗಳಿಗೆ ಮನೆಯಳಿಯನನ್ನು ತಂದದ್ದೂ ಅದಕ್ಕೇ, ಅಪ್ಪ ಬಂದರೆ ಬಾಗಿಲು ತೆಗೆಯಲು ಮಗಳು ಮನೆಯಲ್ಲಿರಬೇಕು.

ಯುದ್ಧ ಮುಗಿಯಿತು, ಮರ್ದಾನಸಾಬ ಒಬ್ಬನೇ ಬಂದ. ಹಳ್ಳದ ದಾರಿಯಲ್ಲಿ ಓಡಿ ಬಂದ ಹೆಣ್ಣುಮಗು ಅವನ ಮೊಣಕಾಲು ತಬ್ಬಿ, ನಮ್ಮಪ್ಪ ಎಲ್ಲಿ, ಅವನು ಬರ್ತಾನ ಅಂದ. ಯಾಕ ಬರಲಿಲ್ಲ. ಬಿಡವಲ್ರು. ಯಾರು ಬಿಡವಲ್ರು — ಅಲ್ಲಿಂದ ಕಥೆ, ಸಮುದ್ರ ನಮ್ಮ ಎರಿ ಹೊಲ ಇದ್ದಂಗ ಐತಿ ಬೇಟಾ, ಆದ್ರ ಬದುವಿಲ್ಲ, ಅದರಾಚೆ ದ್ವೀಪ, ಅಲ್ಲಿಯ ಗಿಡಕ್ಕೆ ಗಾಯ ಮಾಡಿದರೆ ಹಾಲು ಸುರಿಯುತ್ತದೆ, ಆ ದ್ವೀಪಕ್ಕೊಬ್ಬ ರಾಜ, ರಾಜನಿಗೊಂದು ಬಿಳಿ ಕುದುರೆ, ಅದು ನಿಮ್ಮಪ್ಪನ ಹೊರತು ಯಾರಿಗೂ ಕಾಲು ಕೊಡುವುದಿಲ್ಲ, ಹಿಡಿಯುವವನನ್ನು ಬಿಟ್ಟುಕೊಟ್ಟರೆ ಕುದುರೆಗೆ ನಾಲು ಯಾರು ಕಟ್ಟಬೇಕು, ಅದಕ್ಕೇ ರಾಜ ಬಿಡವಲ್ಲ. ಅದೇ ಕಥೆಯನ್ನು ಎಂಟು ವರ್ಷದ ಶೇಖರಮ್ಮ ಹ್ಞೂಂಗುಟ್ಟುತ್ತ ಕೇಳಿ, ಮುದುಕಿಯಾಗಿ, ತೊಡೆಯ ಮೇಲೆ ಮಲಗಿದ ಶಿವಲೀಲಾಗೆ ಹೇಳಿದಳು, ಹೇಳುವಾಗ ಕೈ ಅವಳ ತಲೆಯಲ್ಲಿ ಹೇನು ಹುಡುಕುತ್ತಿತ್ತು, ಬೆರಳು ನಿಂತರೆ ರಾಜ ಬಂದ ಎಂದರ್ಥ. ಶಾಲೆಯಲ್ಲಿ ಭೂಪಟದ ನೀಲಿಯಲ್ಲಿ ಚುಕ್ಕೆ ಚುಕ್ಕೆ ದ್ವೀಪಗಳ ಮೇಲೆ ಬೆರಳಿಟ್ಟು ಎಷ್ಟು ಸಲ ಹುಡುಕಿದ್ದಾಳೆ, ಇದರಲ್ಲಿ ಯಾವುದು, ಮಾಸ್ತರು ಏನ್ ನೋಡಾಕತ್ತಿ ಅಂದರೆ ನಮ್ಮ ಮುತ್ತಜ್ಜನ ಮನಿ ರೀ ಅಂದು ಇಡೀ ವರ್ಗವನ್ನು ನಗಿಸಿದ್ದಾಳೆ. ಒಂದು ಮಾತ್ರ ಆಗ ಯಾರೂ ಕೇಳಲಿಲ್ಲ, ಊರಿಗೆ ಬಂದ ಮೇಲೆ ಮರ್ದಾನಸಾಬ ಇನ್ನೊಬ್ಬ ಹಿಡಿಯುವವನನ್ನು ಯಾಕೆ ಇಟ್ಟುಕೊಳ್ಳಲಿಲ್ಲ, ಒಬ್ಬನೇ ಹಗ್ಗ ಹಾಕಿ, ಒಬ್ಬನೇ ಎತ್ತು ಕೆಡವಿ, ಒಬ್ಬನೇ ಕುತ್ತಿಗೆಯ ಮೇಲೆ ಮೊಣಕಾಲು ಊರಿ, ಒದೆ ತಿಂದು ಪಕ್ಕೆಲುಬು ಮುರಿದುಕೊಂಡರೂ ಒಬ್ಬನೇ.

ಕಡಬು ಬುಟ್ಟಿಗೆ. ಇನ್ನೊಂದು ಘಾಣ. ಸಜ್ಜದ ಮೇಲೆ, ಉಪ್ಪಿನ ಗಡಿಗೆಯ ಪಕ್ಕ, ಬೋರಲು ಮಲಗಿದೆ ಗೌಸಬೀ ಮನೆಯ ಗಂಗಾಳ, ಹಿತ್ತಾಳೆಯದು, ಅಂಚಿಗೆ ಒಂದು ಕಡೆ ನೆಗ್ಗು, ಎಂಟು ತಿಂಗಳಿಂದ ಅಲ್ಲೇ ಇದೆ, ಬರಿಗಂಗಾಳ ತಿರುಗಿ ಕಳಿಸಬಾರದು, ತುಂಬಿ ಕಳಿಸುವವಳು ಹೋಗಿಬಿಟ್ಟಳು. ವರ್ಷಕ್ಕೊಮ್ಮೆ ಬರುತ್ತಿತ್ತು ಅದು, ಶಬೇಬರಾತಿನ ಸಂಜೆ, ಮಗ್ರಿಬ್ ನಮಾಜು ಮುಗಿದ ಮೇಲೆ, ತನ್ನ ವಾರಿಗೆಯ ಜರೀನಾ, ಮರ್ದಾನಸಾಬನ ಮರಿಮಗಳು, ತಲೆಯ ಮೇಲೆ ದುಪಟ್ಟಾ ಹೊದ್ದು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದಳು, ಮೇಲೆ ಬಿಳಿ ವಸ್ತ್ರ, ವಸ್ತ್ರದಡಿ ಬೆಲ್ಲದ ಅನ್ನ, ಯಾಲಕ್ಕಿಯ ಘಮ, ಅದೂ ನಮಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ್ದು, ನಮ್ಮಮ್ಮಾ ಮೈ ತೊಳಕೊಂಡ ಮಾಡ್ಯಾಳ ರೀ ಅಜ್ಜಿ, ಮಾಂಸದ ಕವುಚು ಗಿವುಚು ಏನೂ ಮುಟ್ಟಿಲ್ಲ. ಅನ್ನ ಸುರಿದಿರುತ್ತಿರಲಿಲ್ಲ, ಹಿಡಿಯಲ್ಲಿ ಹಿಡಿದು ಇಟ್ಟಂತೆ ಎರಡು ಗುಡ್ಡೆ, ಯಾವಾಗಲೂ ಎರಡೇ, ಎದುರು ಬದುರು. ಒಂದು ನಿಂದು, ಒಂದು ನಂದು, ಜರೀನಾ ಹೇಳುತ್ತಿದ್ದಳು, ಅವಳೂ ಹಾಗೇ ತಿಳಿದಿದ್ದಳು, ಇಬ್ಬರು ಹುಡುಗಿಯರಿಗೆ ಎರಡು ಗುಡ್ಡೆ, ತಾವಿಬ್ಬರೂ ಹುಟ್ಟುವ ಮೊದಲೂ ಎರಡೇ ಇದ್ದವೆಂದು ಯಾರಿಗೆ ಗೊತ್ತು. ಅಜ್ಜಿ ಕೊಡು ಇಲ್ಲಿ ಎಂದು ಇಸಿದುಕೊಂಡು, ನೆಲಕ್ಕಿಟ್ಟು, ತಂಬಿಗೆಯಲ್ಲಿ ಕೈ ಅದ್ದಿ — ಅದ್ದಿ ಏನೋ ಮಾಡುತ್ತಿದ್ದಳು, ಆಮೇಲೆ ನಮ್ಮ ಕಡೆ ಸರಿಸುತ್ತಿದ್ದಳು, ನಾವು ಕೈ ಹಾಕುವ ಅವಸರದಲ್ಲಿ, ಅವಳು ಮಾಡುವುದನ್ನು ನೋಡಲು ಯಾರಿಗೆ ಪುರುಸೊತ್ತು. ತೊಳೆದ ಗಂಗಾಳದಲ್ಲಿ ಎರಡು ಹಿಡಿ ಜೋಳ ಹಾಕಿ ತಿರುಗಿ ಕೊಡುತ್ತಿದ್ದಳು, ಎರಡ ಬಂದಾವು, ಎರಡ ಹೋಗ್ಲಿ.

ಅದಕ್ಕೂ ಒಂದು ಕಥೆಯಿದೆ ಎಂದು ಗೊತ್ತಾದದ್ದು ಹೋದ ವರ್ಷದ ಶಬೇಬರಾತಿನಲ್ಲಿ — ಅಲ್ಲ, ಮರುದಿನ, ಮಟಮಟ ಮಧ್ಯಾಹ್ನ, ಶಿವಲೀಲಾ ಕೊಪ್ಪಳದ ಫ್ಲೆಕ್ಸ್ ಅಂಗಡಿಗೆ ಎರಡು ದಿನ ರಜೆ ಹಾಕಿ ಊರಿಗೆ ಬಂದಿದ್ದಳು, ಗಂಗಾವತಿಗೆ ಮದುವೆಯಾಗಿ ಹೋದ ಜರೀನಾ ತವರಿಗೆ ಬಂದಿದ್ದಳು, ಇಬ್ಬರೂ ಗೌಸಬೀ ಎದುರು ಕುಳಿತು ಶೇಂಗಾ ಸುಲಿಯುತ್ತಿದ್ದರು, ಗೌಸಬೀ ಮರ್ದಾನಸಾಬನ ಸೊಸೆ, ಜರೀನಾಳ ಅಜ್ಜಿ, ಎಪ್ಪತ್ತೈದು ದಾಟಿದೆ, ಕಣ್ಣಿಗೆ ಪೊರೆ, ಮಾತು ಮಾತ್ರ ಇನ್ನೂ ಸೂಜಿ. ಯಾಕ ಯಾವಾಗ್ಲೂ ಎರಡ ಗುಡ್ಡಿ ಅಮ್ಮಾ, ಮೂರ ಯಾಕಿಲ್ಲ, ಶಿವಲೀಲಾ ಸುಮ್ಮನೆ ಕೇಳಿದ್ದು, ನಗುತ್ತ. ಗೌಸಬೀ ಶೇಂಗಾ ಕೆಳಗಿಟ್ಟಳು. ಎರಡ ದಿನದ್ದು ಅದು, ಅಂದಳು. ಮಾವ ಕಡೀ ಹಾಸಿಗ್ಯಾಗ ಇದ್ದಾಗ ನನಗೊಬ್ಬಾಕಿಗೆ ಹೇಳಿದ್ರು, ಮಗಗೂ ಹೇಳಲಿಲ್ಲ. ಅಲ್ಲಿ ಸೆರಿಮನ್ಯಾಗ ದಿನಕ್ಕ ಒಬ್ಬಗ ಒಂದ ಹಿಡಿ ಅನ್ನ, ಇಡೀ ದಿನ ಮಣ್ಣು ಅಗಿಯೋದು. ಇವರು ಓತಿಕ್ಯಾತ ತಿಂದ್ರು, ಹುಳ ತಿಂದ್ರು, ಬದುಕಿದ್ರು. ಅಂದಪ್ಪ ಒಲ್ಲೆ ಅಂದ, ಕೊರಳಾಗ ಲಿಂಗ ಐತಿ ಮರ್ದಾನ, ಒಲ್ಲೆ ಅಂದ. ಜ್ವರ ಬಂತು. ಒಂದಿನ ಮಧ್ಯಾಹ್ನ ಇವರ ಮಗ್ಗಲದಾಗ ಮಲಕ್ಕೊಂಡಾವ ಏಳಲಿಲ್ಲ. ಸತ್ತಾನಂತ ಹೇಳಿದ್ರ ಅವನ ಪಾಲಿನ ಅನ್ನ ಅವತ್ತಿಗೇ ನಿಲ್ಲತಿತ್ತು ಬೇಟಾ. ಇವರು ಚೀಲ ಹೊಚ್ಚಿದ್ರು, ಎಣಿಸಾಕ ಬಂದಾವಗ ಜ್ವರ ಐತಿ, ಮಲಗ್ಯಾನ ಅಂದ್ರು, ಅವನ ಹಿಡಿ ಇಸಗೊಂಡ್ರು, ಉಂಡ್ರು. ಮರುದಿನಾನೂ ಇಸಗೊಂಡ್ರು. ಅವನ ಮಗ್ಗಲದಾಗ ಕುಂತ ಉಂಡ್ರು. ಮೂರನೇ ದಿನ ಎಣಿಸಾವ ಚೀಲ ಜಗ್ಗಿದ. — ಜರೀನಾ ಶೇಂಗಾ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದಳು, ಪುಡಿ ಮಾಡುತ್ತಲೇ ಇದ್ದಳು, ಹೊರಗೆ ಯಾರದೋ ಟ್ರ್ಯಾಕ್ಟರು ಹೋಯಿತು — ಮಾವ ಅಂತಿದ್ರು, ಅಲ್ಲಿ ಹೊಟ್ಟಿ ಸಲುವಾಗಿ ಬದುಕ್ಯಾನ ಅಂದೆ ಗೌಸಬೀ, ಇಲ್ಲಿ ಆ ಕೂಸು ಬಂದ ಮೊಣಕಾಲ ಹಿಡದಾಗ ಮತ್ತ ಅದ ಮಾತ ಬಂತು ಬಾಯಾಗ, ಒಮ್ಮೆ ಬದುಕ್ಯಾನ ಅಂದಾವ ಸತ್ತಾನ ಅನ್ನೋದು ಹೆಂಗ, ಅಂತ ಅಳ್ತಿದ್ರು. ಅದಕ್ಕ ವರ್ಷಾ ಅವನ ಹೆಸರಿಲೆ ಸತ್ತವರ ಫಾತಿಹಾ ಓದಿಸಿ, ಎರಡ ಹಿಡಿ, ಅವನ ಮಗಳಿಗೆ. ಶೇಖರಮ್ಮಗ ನೀನರ ಹೇಳು ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡ್ರು, ನಲವತ್ತ ವರ್ಷಾತು, ನನ್ನ ಬಾಯಿ ಬಿಚ್ಚವಲ್ದು, ನಮ್ಮ ಮನಿ ಹಿರಿ ಮನಷಾ ನಿಮ್ಮಪ್ಪನ ಪಾಲು ಉಂಡಾನ ಅಂತ ಹೆಂಗ ಹೇಳಲಿ. ನೀ ಹೇಳು. ನೀ ಕೊಪ್ಪಳದಾಗ ದಿನಾ ಸತ್ತವರದ್ದ ಬರಿಯೋ ಕೆಲಸ ಮಾಡ್ತಿ, ನಿನಗ ರೂಢಿ ಐತಿ.

ರೂಢಿ. ಹೌದು, ರೂಢಿ ಇದೆ, ಊರವರ ಅಜ್ಜಂದಿರ ಫೋಟೊ ಬರುತ್ತದೆ, ಹಿಂದೆ ಮೋಡ ಹಾಕುತ್ತಾಳೆ, ಮೂಲೆಗೆ ದೀಪ ಹಾಕುತ್ತಾಳೆ, ಭಾವಪೂರ್ಣ ಎಂದು ಒತ್ತಿ ಶ್ರದ್ಧಾಂಜಲಿ ಎಂದು ಒತ್ತಿ, ಆರು ಅಡಿಗೆ ನಾಲ್ಕಡಿ, ಚಾ ಕುಡಿಯುವಷ್ಟರಲ್ಲಿ ಒಬ್ಬ ಮನುಷ್ಯ ಮುಗಿದಿರುತ್ತಾನೆ, ಅಂದಪ್ಪನಿಗೆ ಮಾತ್ರ ಅವಳ ಕೈ ಓಡಲಿಲ್ಲ. ಹೇಳುವುದಕ್ಕೆ ಹೆದರಿದಳೇ, ಅಷ್ಟೇ ಆಗಿದ್ದರೆ ತನ್ನನ್ನು ತಾನು ಕ್ಷಮಿಸಬಹುದಿತ್ತು, ಹೆದರಿಕೆ ಅಲ್ಲ, ಆ ದ್ವೀಪ ಅವಳಿಗೆ ಬೇಕಾಗಿತ್ತು, ಬಿಳಿ ಕುದುರೆ ಬೇಕಾಗಿತ್ತು, ಇಪ್ಪತ್ತಾರು ವರ್ಷ ತಲೆದಿಂಬಿನಡಿ ಇಟ್ಟುಕೊಂಡು ಮಲಗಿದ ಕಥೆಯ ಮೇಲೆ ಆ ಚೀಲವನ್ನು ಹೊಚ್ಚುವುದು ಅವಳಿಗೆ ಆಗಲಿಲ್ಲ, ಅಜ್ಜಿಗೆ ನೋವಾಗುತ್ತದೆ ಎಂದು ತನಗೆ ಹೇಳಿಕೊಂಡಳು, ಅಷ್ಟೇ. ಆ ಸಂಜೆ ಹಿಂತಿರುಗಿ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು, ಏನಂದ್ಲು ಗೌಸಬೀ, ಇಷ್ಟೊತ್ತ ಕುಂದ್ರಿಸಿಕೊಂಡಿದ್ಲು. ಶಿವಲೀಲಾ ಬಾಯಿ ತೆರೆದಳು, ತೆರೆದ ಬಾಯಿಂದ ಬಂದದ್ದು ಕಥೆ. ರಾಜನ ಕುದುರೆ ಮರಿ ಹಾಕಿದೆಯಂತೆ ಅಜ್ಜಿ, ಮರಿ ಇನ್ನೂ ಹಟಮಾರಿ ಅಂತೆ, ಅದಕ್ಕೇ ಮುತ್ತಜ್ಜ — ಎಂದು ಕೈ ಆಡಿಸಿ, ಕಣ್ಣು ಅರಳಿಸಿ, ಅಜ್ಜಿಯ ಹಾಗೇ ದನಿ ಇಳಿಸಿ ಏರಿಸಿ ಹೇಳುತ್ತ ಹೋದಳು, ಹೇಳುತ್ತ ಹೇಳುತ್ತ ಅದು ಚಂದವೂ ಆಯಿತು, ತನಗೇ ಹೆಮ್ಮೆ ಎನಿಸಿತು, ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು, ನೋಡುತ್ತಲೇ ಇದ್ದಳು, ಒಂದು ಸಲವೂ ಹ್ಞೂಂ ಅನ್ನಲಿಲ್ಲ. ಮುಗಿದ ಮೇಲೆ, ಚಂದ ಹೇಳ್ತಿ ಬಿಡು ನಮ್ಮವ್ವಾ, ಮರ್ದಾನ ಕಾಕಾನಕಿಂತ ಚಂದ ಹೇಳ್ತಿ, ಅಂದಳು. ಆಗ ಅದು ಹೊಗಳಿಕೆಯ ಹಾಗೆ ಕೇಳಿತ್ತು.

ಏ ಹುಡುಗಿ, ಬೆಲ್ಲ ಎಲ್ಲಿಟ್ಟಿ, ಅವ್ವ ಕೇಳುತ್ತಾಳೆ, ನಿನ್ನ ಕಾಲ ಮುಂದ ಐತಲ್ಲವಾ, ಇವಳು, ಅಪ್ಪ ಪಡಸಾಲೆಯಿಂದ, ಲಗೂನ ಮಾಡ್ರಿ, ಹಿರ್ಯಾರು ಹಸಕೊಂಡ ಕುಂತಾರ. ಹಿರಿಯರು ಹಸಿದು ಕುಳಿತಿದ್ದಾರೆ, ಪ್ರತಿ ವರ್ಷ ಅಪ್ಪ ಅನ್ನುವ ಮಾತು, ಹೋದ ವರ್ಷವೂ ಅಂದಿದ್ದ, ಹೋದ ವರ್ಷ ಅವನು ಅಂಗಳದಲ್ಲಿ ಬಾಳೆ ಎಲೆ ಒರೆಸುತ್ತಿದ್ದ, ಪಡಸಾಲೆಯಲ್ಲಿ ಅಜ್ಜಿ ಒಬ್ಬಳೇ, ತಡಮಾಡಿ ತಡಮಾಡಿ ಗಂಗಾಳ ಇಡುತ್ತಿದ್ದಳು, ಅವಳ ಬೆರಳುಗಳು ಆಗಲೇ ಮಡಚಲು ಒಲ್ಲೆ ಎನ್ನುತ್ತಿದ್ದವು, ಒಂದು, ಎರಡು, ಮೂರು, ಆಮೇಲೆ ಸ್ವಲ್ಪ ಅಂತರ ಬಿಟ್ಟು, ಸಾಲಿನ ತುದಿಗೆ, ಆಗತಾನೇ ತೊಳೆದ ಇನ್ನೊಂದು ಗಂಗಾಳ, ನೀರು ಇಳಿಯುತ್ತಿದ್ದ ಹಾಗೇ ಇಟ್ಟಳು. ಇಟ್ಟು, ಬಾಗಿಲಲ್ಲಿ ನಿಂತಿದ್ದ ಇವಳ ಕಡೆ ತಿರುಗಿ, ಲೀಲಾ, ಈ ಸಲ ನಮ್ಮಪ್ಪಗೂ ಒಂದ ಎಡಿ ಇಡ್ಲೇನು. ಅಷ್ಟೇ. ದನಿಯಲ್ಲಿ ಏನೂ ಇರಲಿಲ್ಲ, ಉಪ್ಪು ಹಾಕಲೇನು ಅಂದ ಹಾಗೆ. ಹೇಳಬಹುದಿತ್ತು, ಎಂಟು ತಿಂಗಳು ನುಂಗಿದ್ದನ್ನು ಅಲ್ಲಿ ಉಗುಳಬಹುದಿತ್ತು, ಹ್ಞೂಂ ಅಜ್ಜಿ ಇಡು ಅನ್ನುವುದಕ್ಕೆ ಎಷ್ಟು ಉಸಿರು ಬೇಕು, ಒಂದು ಹ್ಞೂಂ, ಸಾವಿರ ಸಲ ಅವಳ ತೊಡೆಯ ಮೇಲೆ ಅಂದದ್ದು, ಸಾವಿರದ ಒಂದನೆಯದು, ಆದರೆ ಇವಳು ನಕ್ಕಳು, ದೊಡ್ಡವರು ಸಣ್ಣ ಹುಡುಗರಿಗೆ ನಗುವ ಹಾಗೆ, ಬ್ಯಾಡಜ್ಜಿ, ಬದುಕಿದ್ದವರಿಗೆ ಎಡಿ ಇಡಬಾರದು. ಅಜ್ಜಿ ಒಂದು ಕ್ಷಣ ಹಾಗೇ ಬಗ್ಗಿ ನಿಂತಿದ್ದಳು. ಹಂಗೇನು, ಅಂದಳು. ಗಂಗಾಳ ತೆಗೆದು ಗೋಡೆಗೆ ಬೋರಲು ಹಾಕಿದಳು. ಅದು ಇದ್ದ ಕಡೆ ಕರಿ ಕಡಪಾ ಕಲ್ಲಿನ ಮೇಲೆ ಒಂದು ಒದ್ದೆ ದುಂಡು ಉಳಿಯಿತು, ನಡುವೆ ಒಣ, ಸುತ್ತ ನೀರಿನ ಗೆರೆ, ಎಡೆ ಇಟ್ಟು ಊದುಬತ್ತಿ ಹಚ್ಚಿ ಎಲ್ಲರೂ ಅಡ್ಡಬಿದ್ದು ಏಳುವವರೆಗೂ ಅದು ಆರಿರಲಿಲ್ಲ, ಶಿವಲೀಲಾ ನೋಡುತ್ತಿದ್ದಳು.

ಆಮೇಲೂ ಅವಕಾಶಗಳು ಇದ್ದವು, ದೀಪಾವಳಿ ಇತ್ತು, ಚಳಿ ಇತ್ತು, ಅಜ್ಜಿ ಹಾಸಿಗೆ ಹಿಡಿದಳು, ಪ್ರತಿ ಶನಿವಾರ ಕೊಪ್ಪಳದಿಂದ ಬಸ್ಸಿನಲ್ಲಿ ಬರುವಾಗ ಇವತ್ತು ಹೇಳಬೇಕು ಎಂದುಕೊಳ್ಳುವಳು, ಕಿಟಕಿಯಾಚೆ ಕಡಲೆ ಹೊಲ, ಬಿಳಿಜೋಳ, ಕಲ್ಲುಗುಡ್ಡ, ಎಂದುಕೊಳ್ಳುವುದೇ ಹೇಳಿದಷ್ಟು ಹಗುರ ಮಾಡಿಬಿಡುತ್ತಿತ್ತು, ಇಳಿಯುವಷ್ಟರಲ್ಲಿ ಮತ್ತೆ ಕುದುರೆ ಮರಿಯ ಕಥೆ ಬೆಳೆದಿರುತ್ತಿತ್ತು. ಫೆಬ್ರವರಿಯಲ್ಲಿ ಶಬೇಬರಾತ್ ಬಂತು, ಬೆಲ್ಲದ ಅನ್ನ ಬಂತು, ಜರೀನಾ ಇಲ್ಲದ್ದರಿಂದ ಗೌಸಬೀ ತಾನೇ ಗೋಡೆ ಹಿಡಿದುಕೊಂಡು ತಂದಳು, ಬಾಗಿಲಲ್ಲಿ ಇವಳನ್ನು ನೋಡಿ ಹುಬ್ಬೆತ್ತಿದಳು, ಹೇಳಿದ್ಯಾ, ಇವಳು ತಲೆ ತಗ್ಗಿಸಿದಳು, ಗೌಸಬೀ ಒಳಗೆ ಹೋಗಿ ಹಾಸಿಗೆಯ ಪಕ್ಕ ಕುಳಿತಳು. ಹೆಂಗದಿ ಶೇಖರವ್ವ. ಹೋಗೋ ಗಾಡಿ ಹೂಡ್ಯಾರವ್ವ, ಎತ್ತ ಇನ್ನೂ ಕಾಲ ಕೊಡವಲ್ವು. ಇಬ್ಬರು ಮುದುಕಿಯರೂ ನಕ್ಕರು. ನನ್ನ ಎಬ್ಬಿಸಿ ಕುಂದ್ರಿಸು, ತಂಬಿಗಿ ಕೊಡು, ಅಂದಳು ಅಜ್ಜಿ, ಶಿವಲೀಲಾ ಬೆನ್ನಿಗೆ ಆನಿಕೆ ಕೊಟ್ಟು ಕೂಡಿಸಿದಳು, ಆ ಬೆನ್ನಿನ ಎಲುಬು ಇನ್ನೂ ಅಂಗೈಯಲ್ಲಿದೆ, ಗಂಗಾಳ ಮುಂದಿಟ್ಟಳು, ಎರಡು ಗುಡ್ಡೆ, ಎದುರು ಬದುರು, ಅಜ್ಜಿ ತಂಬಿಗೆಯಲ್ಲಿ ಕೈ ಅದ್ದಿದಳು — ಅದ್ದಿ ಏನು ಮಾಡಿದಳು, ಬೆನ್ನ ಹಿಂದೆ ಇದ್ದವಳಿಗೆ ಕಾಣಲಿಲ್ಲ, ತೋಳು ನಿಧಾನ ಸುತ್ತಿ ಬಂದದ್ದು ಮಾತ್ರ ಗೊತ್ತು, ಮೊದಲ ಸಲ ಅವಳು ಆ ಅನ್ನವನ್ನು ಯಾರ ಕಡೆಯೂ ಸರಿಸಲಿಲ್ಲ, ತಾನೇ ಎರಡು ಅಗುಳು ತುಟಿಗೆ ಮುಟ್ಟಿಸಿಕೊಂಡಳು. ಆರನೆಯ ದಿನಕ್ಕೆ ಹೋದಳು. ಮಣ್ಣು ಮಾಡಿ ಬಂದ ಮೇಲೆ ಗೌಸಬೀ ಏನೂ ಕೇಳಲಿಲ್ಲ, ಕೇಳದೆ ಇದ್ದದ್ದೇ ಇವತ್ತಿಗೂ ಬೀದಿಯಲ್ಲಿ ಎದುರಾದರೆ ಉರಿಯುತ್ತದೆ.

ತಗೊಂಡ ಬಾ ಎಲ್ಲಾ. ಕಡಬು, ಹೋಳಿಗೆ, ಪುಂಡಿಪಲ್ಲೆ, ಬಿಳಿ ಅನ್ನ, ಅವ್ವ ಬಡಿಸಿದಳು, ನಾಲ್ಕು ಗಂಗಾಳ, ನಾಲ್ಕನೆಯದು ಇಳಕಲ್ಲ ಸೀರೆಯ ಮುಂದೆ, ಹೋಳಿಗಿ ಇನ್ನೊಂದ ಹಾಕು, ನಮ್ಮವ್ವಗ ಹೋಳಿಗಿ ಅಂದ್ರ ಜೀವ, ಹಲ್ಲಿಲ್ಲದಿದ್ರೂ ಜೀವ, ಅಂದ ಅಪ್ಪ. ಬಿಸಿಲಿನ ಬಿಲ್ಲೆ ಅಡುಗೆಮನೆ ಬಿಟ್ಟು ಹೊಸ್ತಿಲು ದಾಟಿ ಪಡಸಾಲೆಗೆ ಬಂದಿದೆ. ಅಪ್ಪ ವಿಭೂತಿ ಹಚ್ಚಿದ, ಹೂ ಏರಿಸಿದ, ತಂಬಿಗೆ ಎತ್ತಿಕೊಂಡು ಅದರಲ್ಲಿ ಬಲಗೈ ಬೆರಳು ಅದ್ದಿ, ಅಜ್ಜನ ಎಡೆಯ ಸುತ್ತ ನೀರು ಬಿಟ್ಟ, ನಿಧಾನ, ತೋಳು ಸುತ್ತಿ ಬಂತು, ಗಂಗಾಳದ ಸುತ್ತ ಕಲ್ಲಿನ ಮೇಲೆ ಒದ್ದೆ ಗೆರೆ, ಸತ್ತವರ ಎಡೆಗೆ ಹೀಗೇ ನೀರು ಸುತ್ತಬೇಕು, ಸುತ್ತದಿದ್ದರೆ ಅದು ಬರೀ ಊಟ, ದೊಡ್ಡಪ್ಪನ ಎಡೆಗೆ ಸುತ್ತಿದ, ಮುತ್ತವ್ವನ ಎಡೆಗೆ — ತೋಳು ಸುತ್ತಿ ಬಂತು, ಅಜ್ಜಿಯ ತೋಳು, ಅದೇ ಸುತ್ತು, ಆ ಸಂಜೆ ತನ್ನ ಎದೆಗೆ ಒರಗಿದ್ದ ಆ ಬೆನ್ನು, ಅದಕ್ಕೂ ಹಿಂದಿನ ಸಂಜೆ, ಎಲ್ಲ ಶಬೇಬರಾತಿನ ಸಂಜೆ, ಗೌಸಬೀ ಮನೆಯ ಗಂಗಾಳ ನೆಲಕ್ಕಿಟ್ಟು, ತಂಬಿಗೆಯಲ್ಲಿ ಕೈ ಅದ್ದಿ, ಅವಳು ಮಾಡುತ್ತಿದ್ದದ್ದು ಇದು. ತನ್ನ ಊಟಕ್ಕೆ ಎಂದೂ ನೀರು ಸುತ್ತದ ಅಜ್ಜಿ ಆ ಒಂದು ಗಂಗಾಳಕ್ಕೆ ಮಾತ್ರ ಸುತ್ತುತ್ತಿದ್ದಳು. ಗೊತ್ತಿತ್ತು. ಶಬೇಬರಾತಿನ ದಿನ ಅವರ ಮನೆಯಲ್ಲಿ ಓದಿಸಿದ ಅನ್ನ ಸತ್ತವರ ಹೆಸರಿನದೆಂದು ಊರಿನ ಕೂಸಿಗೂ ಗೊತ್ತು, ಅಜ್ಜಿಗೆ ಗೊತ್ತಿರಲಿಲ್ಲವೇ, ಮೊದಲ ಗಂಗಾಳ ಬಂದ ವರ್ಷವೇ ಗೊತ್ತಾಗಿತ್ತು, ಆಗ ಎಷ್ಟು ವಯಸ್ಸು, ಒಂಬತ್ತೋ ಹತ್ತೋ, ಬಳೆ ತೊಟ್ಟ ಅವ್ವನ ಮುಂದೆ ಬಾಯಿ ಬಿಡದೆ, ಅಳುವ ಮರ್ದಾನ ಕಾಕಾನ ಮುಂದೆ ಬಾಯಿ ಬಿಡದೆ, ಇನ್ನೊಬ್ಬರ ಮನೆಯ ಗಂಗಾಳದಲ್ಲಿ ತನ್ನಪ್ಪನಿಗೆ ಕದ್ದು ಎಡೆ ಇಟ್ಟಳು, ಎಪ್ಪತ್ತೆಂಟು ವರ್ಷ. ಎಲ್ಲರೂ ಹೋದ ಮೇಲೆ, ಕಡೆಗೊಂದು ಸಲ, ತನ್ನ ಮನೆಯಲ್ಲಿ, ತನ್ನ ಗಂಗಾಳದಲ್ಲಿ, ಹಗಲು ಬೆಳಕಿನಲ್ಲಿ ಇಡಲು ಒಬ್ಬರ ಒಪ್ಪಿಗೆ ಕೇಳಿದಳು, ಇಡ್ಲೇನು. ಏನಾಯಿತೆಂದು ಕೇಳಲಿಲ್ಲ, ಅದು ಅವಳಿಗೆ ಬೇಕಿರಲಿಲ್ಲ, ಹ್ಞೂಂ ಒಂದು ಬೇಕಿತ್ತು.

ಕಾಲು ತಾನಾಗಿ ಅಡುಗೆಮನೆಗೆ ಹೋಗಿದೆ, ಸಜ್ಜದಿಂದ ಗಂಗಾಳ ಇಳಿದಿದೆ, ಬೆರಳಿಗೆ ಅಂಚಿನ ನೆಗ್ಗು ಸಿಕ್ಕಿದೆ, ಬಾನಿಯ ನೀರಿನಲ್ಲಿ ತೊಳೆದಳು, ಒರೆಸಲಿಲ್ಲ, ಅನ್ನದ ತಪ್ಪೇಲಿಯಿಂದ ಒಂದು ಹಿಡಿ, ಬೆಲ್ಲ ಪುಡಿ ಮಾಡಿ ಕಲಸಿ, ಗುಡ್ಡೆ, ಇನ್ನೊಂದು ಹಿಡಿ, ಎದುರು ಇನ್ನೊಂದು ಗುಡ್ಡೆ, ಅದೇನವಾ ಬರೀ ಬೆಲ್ಲದನ್ನ, ಅವ್ವ, ಗೌಸಬೀಗೆ ಕಳಸ್ತಿಯೇನು, ಶಿವಲೀಲಾ ಪಡಸಾಲೆಗೆ ಬಂದು, ಸಾಲಿನ ತುದಿಯಲ್ಲಿ, ಸ್ವಲ್ಪ ಅಂತರ ಬಿಟ್ಟು, ಅದೇ ಕಲ್ಲಿನ ಮೇಲೆ ಇಟ್ಟಳು. ಐದು, ಅಪ್ಪಾ, ಅಂದಳು. ಅಪ್ಪ ತಂಬಿಗೆ ಹಿಡಿದುಕೊಂಡೇ ತಿರುಗಿದ. ಐದನೇದು ಯಾರದು. ಅಜ್ಜಿ ಅಪ್ಪಂದು. ಅಪ್ಪ ಗಂಗಾಳ ನೋಡಿದ, ಅವಳನ್ನು ನೋಡಿದ. ಬದುಕಿದ್ದವರಿಗೆ ಎಡಿ ಇಡಬಾರದು ಅಂದಾಕಿ ನೀನ ಅಲ್ಲೇನು, ನಾ ಅಂಗಳದಾಗಿದ್ದೆ, ಕೇಳಿಸಿಕೊಂಡೀನಿ. ಅವ್ವ ಒಲೆಯಿಂದ ಎದ್ದು ಬಾಗಿಲಿಗೆ ಬಂದಳು, ಕೈಯಲ್ಲಿ ಜಾರಿ ಸೌಟು, ಸೌಟಿನಿಂದ ಎಣ್ಣೆ ಒಂದೊಂದೇ ಹನಿ. ಸುದ್ದಿ ಬಂತೇನು, ಅಪ್ಪ ಕೇಳಿದ, ದನಿ ತಗ್ಗಿಸಿ, ಸಾಲಿನಲ್ಲಿ ಕುಳಿತವರಿಗೆ ಕೇಳಬಾರದೆಂಬಂತೆ. ಹ್ಞೂಂ, ಅಂದಳು ಶಿವಲೀಲಾ, ಬಂತು ಆ ಹ್ಞೂಂ, ಇಷ್ಟು ಸಣ್ಣದು, ಇಷ್ಟು ಸುಲಭ. ಯಾವಾಗ ಬಂತು. ಯಾವಾಗ — ಅಪ್ಪ ತಂಬಿಗೆ ಮುಂದೆ ಚಾಚಿದ್ದಾನೆ, ನೀನ ಸುತ್ತು ಎಂಬಂತೆ, ಬೆರಳು ಅದ್ದಿದ್ದಾಳೆ, ತಣ್ಣಗಿದೆ, ತೋಳು ಚಾಚಬೇಕು, ಚಾಚಿದರೆ ಸುತ್ತಬೇಕು, ಸುತ್ತಿ ಬಂದರೆ ಹೇಳಬೇಕು, ಯಾವಾಗ ಬಂತು ಲೀಲಾ, ನಮ್ಮವ್ವ ಇದ್ದಾಗೇನು — ಬೆರಳ ತುದಿಯಿಂದ ನೀರು ಹನಿಯುತ್ತಿದೆ, ಎದುರಿಗೆ ಇಳಕಲ್ಲ ಸೀರೆ ಮಡಿಕೆ ಬಿಚ್ಚದೆ ಕುಳಿತಿದೆ, ಕರಿ ಕಲ್ಲು, ಕಲ್ಲಿನ ಮೇಲೆ ಒಂದು ಒದ್ದೆ ದುಂಡು, ನಡುವೆ ಒಣ, ಸುತ್ತ ನೀರಿನ ಗೆರೆ, ಹೋದ ವರ್ಷದ್ದು, ಅವಳ ಕಣ್ಣಿಗೆ ಇನ್ನೂ ಆರಿಲ್ಲ, ಬಗ್ಗಿ ನಿಂತ ಒಂದು ಬೆನ್ನು, ಹಂಗೇನು, ಗಂಗಾಳ ಮೇಲೇಳುತ್ತದೆ, ಒದ್ದೆ ದುಂಡು, ಗಂಗಾಳ ಮೇಲೇಳುತ್ತದೆ, ಒದ್ದೆ ದುಂಡು.